ಐದು ವಯರ್, ಮೂರು ಬೆಸುಗೆ: ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಬದಲಿಸುವ ಬಗೆ

ಪ್ರಶ್ನೆ: ನನ್ನದು ಸ್ಟ್ರ್ಯಾಟ್ ಮಾದರಿಯ ಗಿಟಾರ್. ಮೂರು ಪಿಕಪ್: ಸ್ಟ್ರಿಂಗ್ ಕೂರುವ ಬ್ರಿಜ್ ಹತ್ತಿರ ಎರಡು ಕಾಯಿಲಿನ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್. ಡಿಸ್ಟಾರ್ಷನ್ ಹಾಕಿದರೆ ಹಂಬಕರಿನ ಸದ್ದು ಕಲಸಿಕೊಂಡುಬಿಡುತ್ತದೆ, ಒಂದೊಂದು ಸ್ವರ ಬಿಡಿಯಾಗಿ ಕೇಳುವುದಿಲ್ಲ. ಅದರ ಜಾಗಕ್ಕೆ ಸೀಮೋರ್ ಡಂಕನ್ ಕಂಪನಿಯ ಜೆಬಿ ಪಿಕಪ್, ಟಿಬಿ-4 ತರಿಸಿದ್ದೇನೆ. ಹಳೆಯದಕ್ಕೆ ಎರಡು ವಯರ್, ಹೊಸದಕ್ಕೆ ಐದು. ಮನೆಯಲ್ಲಿ 25 ವ್ಯಾಟಿನ ಸೋಲ್ಡರಿಂಗ್ ಐರನ್ ಇದೆ. ನಾನೇ ಹಾಕಿಕೊಳ್ಳಬಹುದೇ? ವಾಲ್ಯೂಮ್ ಗುಂಡಿಯ ಕೆಳಗಿನ 250ಕೆ (ಕಿಲೋ ಓಮ್) ಪಾಟ್ ತೆಗೆದು 500ಕೆ ಹಾಕಲೇಬೇಕು ಎನ್ನುತ್ತಾರೆ, ನಿಜವೇ?

ಉತ್ತರ: ಹಾಕಿಕೊಳ್ಳಬಹುದು. ಐದು ವಯರ್ ನೋಡಿ ಗಾಬರಿಯಾಗಬೇಡಿ, ಕೊನೆಗೆ ಹಾಕುವ ಬೆಸುಗೆ ಮೂರೇ. ಎರಡು ಸುಲಭದವು. ಮೂರನೆಯದು ಪಾಟಿನ ಬೆನ್ನಿನ ಮೇಲಿನದು, ಅದಕ್ಕೆ 25 ವ್ಯಾಟ್ ಸಾಲದು. ಪಾಟಿನ ವಿಷಯ ಕೊನೆಗೆ ಬರುತ್ತದೆ. ಈಗಲೇ ತಿಳಿಯಬೇಕೆಂದರೆ, ಈ ಪಿಕಪ್ಪಿಗೆ ಸದ್ಯಕ್ಕೆ ಬದಲಿಸಬೇಡಿ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಸದ್ದು ಕಲಸಿಕೊಳ್ಳುವುದಕ್ಕೆ ಪಿಕಪ್ ಕೆಟ್ಟದ್ದಾಗಿರಬೇಕೆಂದಿಲ್ಲ, ಅದು ಸ್ಟ್ರಿಂಗಿಗೆ ತೀರಾ ಹತ್ತಿರ ಕೂತಿದ್ದರೂ ಹಾಗೇ ಆಗುತ್ತದೆ. ಅಗ್ಗದ ಗಿಟಾರುಗಳಲ್ಲಿ ಬ್ರಿಜ್ ಹಂಬಕರನ್ನು ಏರಿಸಬಹುದಾದಷ್ಟು ಏರಿಸಿಯೇ ಕಳಿಸಿರುವುದುಂಟು. ಎರಡೂ ಪಕ್ಕದ ಸ್ಕ್ರೂಗಳನ್ನು ಎರಡೆರಡು ಸುತ್ತು ಇಳಿಸಿ. ಒಂದು ಸುತ್ತಿಗೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಇಳಿಯುತ್ತದೆ. ಹೊಸ ಸ್ಟ್ರಿಂಗ್ ಹಾಕಿ, ಆ್ಯಂಪಿನ ಗೇನ್ ಮತ್ತು ಬಾಸ್ ತಗ್ಗಿಸಿ ನುಡಿಸಿ ನೋಡಿ. ಇಷ್ಟಕ್ಕೇ ಸರಿಹೋದರೆ ಹೊಸ ಪಿಕಪ್ ಡಬ್ಬಿಯಲ್ಲೇ ಇರಲಿ, ಬೇಕಾದವರು ಸಿಗುತ್ತಾರೆ. ಇನ್ನೊಂದು ಮಾತು: ಫ್ರೆಟ್ ಸದ್ದು, ಶ್ರುತಿ ನಿಲ್ಲದಿರುವುದು, ಕೆಲವು ಸ್ವರ ಬೇಗ ಸಾಯುವುದು, ಇವು ಯಾವುವೂ ಪಿಕಪ್ ಬದಲಿಸಿದರೆ ಹೋಗುವ ಕಾಯಿಲೆಗಳಲ್ಲ.

ಹೊಸ ಪಿಕಪ್ ಜಾಗಕ್ಕೆ ಕೂರುತ್ತದೆಯೇ ಎಂಬುದನ್ನು ಆಮೇಲೆ ನೋಡೋಣ. ಮೊದಲು ಆ ಐದು ವಯರ್ ಯಾಕೆ ಎನ್ನುವುದು.

ಪಿಕಪ್ ಎಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ವಯರನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್. ಮೇಲೆ ಉಕ್ಕಿನ ಸ್ಟ್ರಿಂಗ್ ಅಲುಗಾಡಿದರೆ ಕಾಯಿಲಿನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ತೊಂದರೆಯೆಂದರೆ ಇದೇ ಕಾಯಿಲ್ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1959ರಲ್ಲಿ ಪಡೆದ ಉಪಾಯ ಹೀಗಿದೆ: ಎರಡು ಕಾಯಿಲ್ ಇಡುವುದು, ಒಂದರ ಅಯಸ್ಕಾಂತದ ದಿಕ್ಕನ್ನೂ ಸುತ್ತಿನ ದಿಕ್ಕನ್ನೂ ತಿರುಗಿಸುವುದು. ಸ್ಟ್ರಿಂಗಿನ ಸದ್ದಿಗೆ ಎರಡು ತಿರುವು ಸೇರಿ ಮತ್ತೆ ನೇರವಾಗುತ್ತದೆ, ಹಾಗಾಗಿ ಎರಡೂ ಕಾಯಿಲಿನದು ಕೂಡಿಕೊಳ್ಳುತ್ತದೆ. ಹೊರಗಿನ ಗುಂಯ್‌ಕಾರಕ್ಕೆ ಅಯಸ್ಕಾಂತದ ಹಂಗಿಲ್ಲ, ಸುತ್ತಿನ ತಿರುವು ಮಾತ್ರ ತಟ್ಟುತ್ತದೆ, ಹಾಗಾಗಿ ಕಳೆದುಹೋಗುತ್ತದೆ. ಹಮ್ ಎಂದರೆ ಗುಂಯ್‌ಕಾರ, ಹಂಬಕರ್ ಎಂಬ ಹೆಸರು ಬಂದದ್ದು ಅದರಿಂದ.

ಎರಡು ಕಾಯಿಲಿಗೆ ಎರಡೆರಡು ತುದಿ, ಒಟ್ಟು ನಾಲ್ಕು ವಯರ್. ಐದನೆಯದು ಹೊದಿಕೆಯಿಲ್ಲದ ಬರಿ ವಯರ್, ಪಿಕಪ್ಪಿನ ತಳದ ಲೋಹದ ತಟ್ಟೆಗೂ ಕೇಬಲ್ಲಿನ ಕವಚಕ್ಕೂ ಸೇರಿದ್ದು. ನಿಮ್ಮ ಹಳೆಯ ಪಿಕಪ್ಪಿನಲ್ಲಿ ಎರಡು ಕಾಯಿಲನ್ನು ಒಳಗೇ ಜೋಡಿಸಿ ಎರಡು ತುದಿಯನ್ನಷ್ಟೇ ಹೊರಗೆ ಬಿಟ್ಟಿದ್ದಾರೆ. ಹೊಸದರಲ್ಲಿ ಆ ಜೋಡಣೆಯನ್ನು ನಿಮಗೆ ಬಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಸೀಮೋರ್ ಡಂಕನ್ ಬಣ್ಣದ ಲೆಕ್ಕ ಹೀಗೆ. ಕಪ್ಪು ಮತ್ತು ಬಿಳಿ ಒಂದು ಕಾಯಿಲಿನವು, ಕೆಂಪು ಮತ್ತು ಹಸಿರು ಇನ್ನೊಂದರವು. ಕೆಂಪನ್ನೂ ಬಿಳಿಯನ್ನೂ ಒಂದಕ್ಕೊಂದು ಬೆಸೆದು ಮುಚ್ಚಿಬಿಡಬೇಕು, ಅವು ಬೇರೆ ಎಲ್ಲಿಗೂ ಹೋಗುವುದಿಲ್ಲ. ಕಪ್ಪು ಸಿಗ್ನಲ್ ವಯರ್, ಪಿಕಪ್ ಆರಿಸುವ ಸ್ವಿಚ್ಚಿಗೆ ಹೋಗುತ್ತದೆ. ಹಸಿರು ಮತ್ತು ಬರಿ ವಯರ್ ಸೇರಿ ಗ್ರೌಂಡಿಗೆ. ಕಪ್ಪು ಎಂದರೆ ಗ್ರೌಂಡ್ ಎಂದು ಎಲೆಕ್ಟ್ರಾನಿಕ್ಸ್ ರೂಢಿ ಇರುವವರ ಕೈ ಇಲ್ಲಿ ತಾನಾಗಿಯೇ ತಪ್ಪುತ್ತದೆ, ಗಮನವಿರಲಿ.

ಈ ಬಣ್ಣಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಡಿಮಾರ್ಜಿಯೊದಲ್ಲಿ ಕೆಂಪು ಸಿಗ್ನಲ್, ಕಪ್ಪು-ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿ ವಯರ್ ಗ್ರೌಂಡ್. ಡಿಮಾರ್ಜಿಯೊ ಚಿತ್ರ ನೋಡಿಕೊಂಡು ಡಂಕನ್ ಹಾಕಿದರೆ ಏನಾಗುತ್ತದೆ? ಕಪ್ಪು-ಬಿಳಿ ಒಂದೇ ಕಾಯಿಲಿನ ಎರಡು ತುದಿ, ಅವನ್ನು ಜೋಡಿಸಿದರೆ ಆ ಕಾಯಿಲ್ ತನ್ನೊಳಗೇ ಮುಚ್ಚಿಹೋಗುತ್ತದೆ. ಉಳಿದ ಕೆಂಪು-ಹಸಿರು ಕಾಯಿಲ್ ಒಂದೇ ನುಡಿಯುತ್ತದೆ. ಸದ್ದು ಬರುತ್ತದೆ, ಆದರೆ ತೆಳ್ಳಗೆ, ಗುಂಯ್‌ಕಾರದೊಂದಿಗೆ. ಉಲ್ಟಾ ತಪ್ಪು, ಅಂದರೆ ಡಂಕನ್ ಚಿತ್ರದಂತೆ ಡಿಮಾರ್ಜಿಯೊ ಹಾಕಿದರೆ, ಇನ್ನೂ ಕೆಟ್ಟದ್ದು. ಎರಡೂ ಕಾಯಿಲ್ ನುಡಿಯುತ್ತವೆ, ಆದರೆ ಒಂದಕ್ಕೊಂದು ಎದುರು ದಿಕ್ಕಿನಲ್ಲಿ. ಸ್ಟ್ರಿಂಗಿನ ಸದ್ದು ಕಳೆದುಕೊಂಡು ಮೂಗಿನಲ್ಲಿ ಮಾತಾಡಿದಂತಾಗುತ್ತದೆ, ಗುಂಯ್‌ಕಾರ ಮಾತ್ರ ಎರಡರಷ್ಟು. ಎಷ್ಟೋ ಜನ ಇದನ್ನು ಕೇಳಿ ಪಿಕಪ್ಪೇ ನಕಲಿ ಎಂದುಕೊಳ್ಳುತ್ತಾರೆ.

ಚಿತ್ರಕ್ಕಿಂತ ಮಲ್ಟಿಮೀಟರನ್ನು ನಂಬಿ. 20 ಕಿಲೋ ಓಮ್ ರೇಂಜಿನಲ್ಲಿಟ್ಟು ಕಪ್ಪು-ಬಿಳಿ ನಡುವೆ ಅಳೆಯಿರಿ, ಸುಮಾರು 8 ಕಿಲೋ ಓಮ್ ಬರಬೇಕು. ಕೆಂಪು-ಹಸಿರು ನಡುವೆಯೂ ಅಷ್ಟೇ. ಕಪ್ಪು-ಕೆಂಪು ನಡುವೆ ಏನೂ ಬರಬಾರದು. ಬರಿ ವಯರಿಗೂ ಉಳಿದ ನಾಲ್ಕಕ್ಕೂ ಸಂಬಂಧವಿರಬಾರದು. ಕೆಂಪು-ಬಿಳಿ ಸೇರಿಸಿ ಕಪ್ಪು-ಹಸಿರು ಅಳೆದರೆ ಒಟ್ಟು 16.4ರ ಆಸುಪಾಸು. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಶೇ 0.4 ಏರುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಅಳೆದು 17.3 ಬಂತೆಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ಈ ಓಮ್ ಸಂಖ್ಯೆಯನ್ನು ಪಿಕಪ್ಪಿನ ಶಕ್ತಿ ಎಂದು ಓದುವುದೂ ತಪ್ಪು. ತೆಳುವಾದ ವಯರ್ ಸುತ್ತಿದರೆ ರೋಧ ಏರುತ್ತದೆ, ಸದ್ದು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಸಂಖ್ಯೆ ಬೇಕಾಗುವುದು ಜೋಡಣೆ ಸರಿಯಿದೆಯೇ ಎಂದು ನೋಡುವುದಕ್ಕೆ.

ಈಗ ಸಾಮಾನು. ಐರನ್ 50ರಿಂದ 60 ವ್ಯಾಟಿನದು, ಚೂಪು ಮೊನೆಯದಲ್ಲ, ಉಳಿಯಂತೆ ಚಪ್ಪಟೆ ಮೊನೆಯದು. ತಾಪ ಹೊಂದಿಸುವ ಸೌಲಭ್ಯವಿದ್ದರೆ 350ರಿಂದ 380 ಡಿಗ್ರಿ. ನಿಮ್ಮ 25 ವ್ಯಾಟಿನದು ಸ್ವಿಚ್ಚಿನ ಪಿನ್ನುಗಳಿಗೆ ಚೆನ್ನಾಗಿಯೇ ಆಗುತ್ತದೆ, ಎಸೆಯಬೇಡಿ. ಸೋಲ್ಡರ್ 60/40, ಒಳಗೆ ರೋಸಿನ್ ಇರುವಂಥದ್ದು, ಅಂಗಡಿಯ ಲೆಕ್ಕದಲ್ಲಿ 20 ಅಥವಾ 22 ಗೇಜ್. ಪೈಪಿನ ಕೆಲಸಕ್ಕೆ ಬಳಸುವ ಆ್ಯಸಿಡ್ ಫ್ಲಕ್ಸ್ ಮಾತ್ರ ಬೇಡವೇ ಬೇಡ, ಬೆಸುಗೆಯನ್ನು ತಿಂಗಳುಗಳಲ್ಲಿ ತಿಂದುಹಾಕುತ್ತದೆ. ಹಳೆ ಸೋಲ್ಡರ್ ಹೀರುವ ಪಂಪು, 2 ಮತ್ತು 3 ಮಿಲಿಮೀಟರಿನ ಹೀಟ್ ಶ್ರಿಂಕ್ ಸ್ಲೀವ್ ಒಂದೊಂದು ಅಡಿ, ಸ್ಟಾರ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಮರಳು ಕಾಗದದ ತುಂಡು. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡಿನಲ್ಲಿ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತವೆ, ಬೇರೆ ಊರುಗಳಲ್ಲಿ ಟಿವಿ ರಿಪೇರಿಯವರಿಗೆ ಬಿಡಿಭಾಗ ಮಾರುವ ಅಂಗಡಿ ಕೇಳಿ. 60/40 ಎಂದರೆ ಶೇ 40 ಸೀಸ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಊಟದ ಮೇಜಿನ ಮೇಲೆ ಮಾಡಬೇಡಿ. ಸ್ಕ್ರೂಗಳನ್ನು ಗುಂಪು ಗುಂಪಾಗಿ ಇಡಲು ಹಳೆಯ ಇಡ್ಲಿ ತಟ್ಟೆಯಂಥದ್ದು ಇನ್ನೊಂದಿಲ್ಲ, ಮತ್ತೆ ಇಡ್ಲಿ ಬೇಯಿಸದಿದ್ದರೆ.

ಬಿಚ್ಚುವ ಮೊದಲಿನ ಐದು ನಿಮಿಷ ಆಮೇಲಿನ ಎರಡು ಗಂಟೆ ಉಳಿಸುತ್ತದೆ. ಗಿಟಾರಿಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಯ ಪ್ಲಗ್ಗಿನ ಮೊನೆಗೂ ತೋಳಿಗೂ ಮೀಟರಿನ ಕಡ್ಡಿ ಇಡಿ. ವಾಲ್ಯೂಮ್, ಟೋನ್ ಪೂರ್ತಿ ತೆರೆದು ಸ್ವಿಚ್ಚಿನ ಐದೂ ಜಾಗದಲ್ಲಿ ಬರುವ ಓಮ್ ಬರೆದುಕೊಳ್ಳಿ. ಸಾಮಾನ್ಯವಾಗಿ ಸಿಂಗಲ್ ಕಾಯಿಲುಗಳು 6 ಕಿಲೋ ಓಮಿನ ಹತ್ತಿರ, ನಡು ಮತ್ತು ನೆಕ್ ಪಿಕಪ್ ಸೇರಿದಾಗ 3ರ ಹತ್ತಿರ ತೋರಿಸುತ್ತವೆ. ಈ ಚೀಟಿ ಕೊನೆಯಲ್ಲಿ ಬೇಕು.

ಸ್ಟ್ರಿಂಗುಗಳನ್ನು ತೆಗೆಯಿರಿ. ಟ್ರೆಮೊಲೊ ಬ್ರಿಜ್ (ಕೋಲು ಒತ್ತಿ ಸ್ವರ ಅಲುಗಿಸುವಂಥದ್ದು) ಇದ್ದರೆ ಹಿಂದಿನ ಕುಳಿಯಲ್ಲಿ ಬ್ಲಾಕಿನ ಪಕ್ಕಕ್ಕೆ ಮಡಿಸಿದ ಬಟ್ಟೆಯನ್ನೋ ಮರದ ತುಂಡನ್ನೋ ಸಿಕ್ಕಿಸಿ, ಇಲ್ಲದಿದ್ದರೆ ಸ್ಪ್ರಿಂಗುಗಳು ಬ್ರಿಜ್ಜನ್ನು ಎಳೆದು ಹಿಂದಕ್ಕೆ ಮಲಗಿಸುತ್ತವೆ. ಪಿಕಪ್ಪುಗಳನ್ನು ಹಿಡಿದಿರುವ ಮುಂದಿನ ತಟ್ಟೆ, ಅಂದರೆ ಪಿಕ್‌ಗಾರ್ಡಿನ ಸ್ಕ್ರೂಗಳು ಸಾಮಾನ್ಯವಾಗಿ 11. ಗುಂಡಿಗಳನ್ನು ತೆಗೆಯಬೇಕಿಲ್ಲ. ಪಿಕ್‌ಗಾರ್ಡನ್ನು ಎತ್ತುವಾಗ ಎಳೆಯಬೇಡಿ. ಅದಕ್ಕೂ ದೇಹಕ್ಕೂ ನಡುವೆ ಮೂರು ವಯರ್ ಇರುತ್ತವೆ: ಜ್ಯಾಕಿಗೆ ಹೋಗುವ ಎರಡು, ಟ್ರೆಮೊಲೊ ಸ್ಪ್ರಿಂಗಿನ ಕೊಕ್ಕೆಗೆ ಹೋಗುವ ಒಂದು. ಈ ಮೂರನೆಯದೇ ನಿಮ್ಮ ಸ್ಟ್ರಿಂಗುಗಳನ್ನು ಗ್ರೌಂಡಿಗೆ ಸೇರಿಸುವುದು. ದೇಹದ ಮೇಲೆ ಬಟ್ಟೆ ಹಾಸಿ ಪಿಕ್‌ಗಾರ್ಡನ್ನು ಮಗುಚಿ, ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಬೆರಳು ಅಡ್ಡ ಬಾರದೆ, ಪ್ರತಿ ಬೆಸುಗೆ ಕಾಣುವಂತೆ.

ಇಲ್ಲಿ ಹೊಸ ಪಿಕಪ್ಪನ್ನು ಜಾಗದಲ್ಲಿಟ್ಟು ನೋಡಿ. ಟಿಬಿ ಎಂದರೆ ಟ್ರೆಮ್‌ಬಕರ್, ಎರಡು ತುದಿಯ ಪೋಲುಗಳ (ಸ್ಟ್ರಿಂಗಿನ ಕೆಳಗೆ ಸಾಲಾಗಿರುವ ಲೋಹದ ಮೊಳೆಗಳ) ನಡುವಿನ ಅಂತರ 53 ಮಿಲಿಮೀಟರ್. ಎಸ್‌ಎಚ್ ಎಂದು ಬರೆದ ಮಾದರಿಯಾದರೆ 49.2, ಗಿಬ್ಸನ್ ಮಾದರಿಯ ಬ್ರಿಜ್ಜಿಗೆ. ಸ್ಟ್ರ್ಯಾಟಿಗೆ ನೀವು ತರಿಸಿದ್ದು ಸರಿಯಾದದ್ದೇ. ಎಸ್‌ಎಚ್ ಬಂದಿದ್ದರೂ ಪ್ರಪಂಚ ಮುಳುಗುತ್ತಿರಲಿಲ್ಲ, ಅಯಸ್ಕಾಂತದ ಹರವು ಪೋಲಿನ ತಲೆಯಷ್ಟಕ್ಕೇ ನಿಲ್ಲುವುದಿಲ್ಲ. ಕಿವಿಗಿಂತ ಕಣ್ಣಿಗೆ ಹೆಚ್ಚು ಚುಚ್ಚುವ ವ್ಯತ್ಯಾಸ ಅದು. ಕಾಲುಗಳ ಉದ್ದ ಮಾತ್ರ ನೋಡಲೇಬೇಕು. ಹಂಬಕರಿನ ಎರಡು ಪಕ್ಕದ ಲೋಹದ ಕಾಲು ಕುಳಿಯ ತಳಕ್ಕೆ ತಗುಲಿದರೆ ಪಿಕಪ್ ಬೇಕಾದಷ್ಟು ಕೆಳಗಿಳಿಯುವುದಿಲ್ಲ, ಬಲವಂತ ಮಾಡಿದರೆ ಪಿಕ್‌ಗಾರ್ಡ್ ಉಬ್ಬುತ್ತದೆ. ಸ್ಕ್ರೂ ವಿಷಯದಲ್ಲೂ ಎಚ್ಚರ: ಅಮೆರಿಕದ ಪಿಕಪ್ಪುಗಳ ಕಾಲಿನ ಮರೆ (ಸ್ಕ್ರೂ ಥ್ರೆಡ್) ಬೇರೆ, ಏಷ್ಯಾದಲ್ಲಿ ತಯಾರಾದ ಗಿಟಾರುಗಳ ಮೆಟ್ರಿಕ್ ಮರೆ ಬೇರೆ. ಹಳೆಯ ಸ್ಕ್ರೂವನ್ನು ಹೊಸ ಕಾಲಿಗೆ ತಿರುಗಿಸಿದರೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಪಿಕಪ್ಪಿನೊಂದಿಗೆ ಬಂದ ಸ್ಕ್ರೂಗಳನ್ನೇ ಬಳಸಿ.

ಹಳೆಯ ಪಿಕಪ್ಪಿನ ಸಿಗ್ನಲ್ ವಯರ್ ಸ್ವಿಚ್ಚಿನ ಯಾವ ಪಿನ್ನಿನಲ್ಲಿದೆ ಎಂದು ಗುರುತು ಮಾಡಿ. ಎಂಟು ಪಿನ್ ಸಾಲಾಗಿರುವ ಸ್ವಿಚ್ಚೂ ಉಂಟು, ಎರಡು ಕಡೆ ನಾಲ್ಕು ನಾಲ್ಕು ಪಿನ್ ಇರುವುದೂ ಉಂಟು. ಪುಸ್ತಕದ ಚಿತ್ರಕ್ಕೆ ಹೋಲಿಸುತ್ತ ಕೂರಬೇಡಿ, ಹಳೆಯದು ಎಲ್ಲಿತ್ತೋ ಹೊಸದು ಅಲ್ಲಿಗೇ. ಐರನ್ ಮುಟ್ಟಿಸಿ ಎರಡು ಸೆಕೆಂಡಿನಲ್ಲಿ ವಯರ್ ಬಿಡಿಸಿ, ಹೆಚ್ಚು ಹೊತ್ತು ಹಿಡಿದರೆ ಅಗ್ಗದ ಸ್ವಿಚ್ಚಿನ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಅಲುಗಾಡತೊಡಗುತ್ತದೆ. ಗ್ರೌಂಡ್ ವಯರ್ ಪಾಟಿನ ಬೆನ್ನಿನಲ್ಲಿರುತ್ತದೆ. ಅಲ್ಲಿ ಬೇರೆ ನಾಲ್ಕೈದು ವಯರ್ ಒಟ್ಟಿಗೆ ಇದ್ದರೆ, ಎಲ್ಲವನ್ನೂ ಕರಗಿಸಿ ಬಿಡಿಸುವ ಬದಲು ಹಳೆಯದನ್ನು ಬೆಸುಗೆಯ ಹತ್ತಿರ ಕತ್ತರಿಸಿದರೂ ನಡೆಯುತ್ತದೆ. ಆದರೆ ಹಳೆಯ ಪಿಕಪ್ ಮಾರುವ ಯೋಚನೆಯಿದ್ದರೆ ವಯರ್ ಪೂರ್ತಿ ಉಳಿಸಿಕೊಳ್ಳಿ.

ಹೊಸದನ್ನು ಪಿಕ್‌ಗಾರ್ಡಿಗೆ ಕೂರಿಸುವಾಗ ತಿರುಪಿನ ತಲೆಯ ಪೋಲುಗಳಿರುವ ಸಾಲು ಬ್ರಿಜ್ ಕಡೆಗೆ. ಸ್ಪ್ರಿಂಗ್ ಒತ್ತಿ ಹಿಡಿದು ಸ್ಕ್ರೂ ಹಾಕುವುದು ಎರಡು ಕೈಗೆ ಮೂರು ಕೆಲಸ. ಸ್ಪ್ರಿಂಗ್ ಸಿಡಿದು ಸೋಫಾ ಕೆಳಗೆ ಹೋಗುವ ಸಾಧ್ಯತೆ ಬಹಳ. ಕೇಬಲ್ಲನ್ನು ಪಿಕಪ್ಪಿನ ತಳದಲ್ಲಿ ಮಡಚಿ ಒತ್ತಿಡಬೇಡಿ. ಸ್ವಿಚ್ಚಿನವರೆಗೆ ತಂದು, ಅಲ್ಲಿಂದ ಆರೇಳು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ. ಮುಂದೆ ಯಾವತ್ತೋ ಸ್ವಿಚ್ ಬದಲಿಸಬೇಕಾದಾಗ ಆ ಉದ್ದ ಬೇಕಾಗುತ್ತದೆ.

ಹೊರಕವಚವನ್ನು ಮೂರು ಸೆಂಟಿಮೀಟರ್ ಸುಲಿದು, ಒಳಗಿನ ಫಾಯಿಲ್ ಕತ್ತರಿಸಿ. ನಾಲ್ಕು ಬಣ್ಣದ ವಯರಿನ ತುದಿ ಐದು ಮಿಲಿಮೀಟರಿನಷ್ಟು ಸುಲಿದು, ಹುರಿಮಾಡಿ, ತೆಳುವಾಗಿ ಸೋಲ್ಡರ್ ಹಚ್ಚಿ. ಈ ವಯರುಗಳ ಹೊದಿಕೆ ಬೇಗ ಕರಗುತ್ತದೆ, ಒಂದು ಸೆಕೆಂಡ್ ಸಾಕು. ಮೊದಲ ಬೆಸುಗೆ ಕೆಂಪು-ಬಿಳಿಯದು. ಸ್ಲೀವನ್ನು ಬೆಸೆಯುವ ಮೊದಲೇ ಒಳಗೆ ತೂರಿಸಿಡಿ. ಎಲ್ಲರೂ ಮರೆಯುವುದು ಇದೇ, ಬೆಸೆದ ಮೇಲೆ ಕೈಯಲ್ಲಿ ಸ್ಲೀವ್ ಉಳಿದಿರುತ್ತದೆ. ಬೆಸುಗೆ ತಣಿದ ಮೇಲೆ ಸ್ಲೀವ್ ಎಳೆದು ಮುಚ್ಚಿ, ಐರನ್ನಿನ ಪಕ್ಕದ ಬಿಸಿಯಲ್ಲಿ ಕುಗ್ಗಿಸಿ. ಈ ಬೆಸುಗೆ ಎಲ್ಲಾದರೂ ಗ್ರೌಂಡಿಗೆ ತಗುಲಿದರೆ ಒಂದು ಕಾಯಿಲ್ ಸತ್ತಂತೆಯೇ.

ಬರಿ ವಯರಿಗೂ ಕೊನೆಯ ಒಂದು ಸೆಂಟಿಮೀಟರ್ ಬಿಟ್ಟು ಉಳಿದ ಉದ್ದಕ್ಕೆ ಸ್ಲೀವ್ ಹಾಕಿ. ಪಿಕ್‌ಗಾರ್ಡ್ ಮುಚ್ಚುವಾಗ ಇದು ಸ್ವಿಚ್ಚಿನ ಪಿನ್ನಿಗೆ ಮುಟ್ಟಿ ಗಿಟಾರ್ ಮೂಕವಾಗುವುದು ಪಿಕಪ್ ಬದಲಾವಣೆಯ ಅತಿ ಸಾಮಾನ್ಯ ಅಪಘಾತ. ಬಿಚ್ಚಿದಾಗ ಸದ್ದು ಬರುತ್ತದೆ, ಮುಚ್ಚಿದರೆ ಬರುವುದಿಲ್ಲ ಎಂದರೆ ಕಾರಣ ಬಹುಪಾಲು ಇದೇ. ಎರಡನೆಯ ಬೆಸುಗೆ, ಕಪ್ಪು ವಯರ್ ಸ್ವಿಚ್ಚಿನ ಪಿನ್ನಿಗೆ.

ಮೂರನೆಯದಕ್ಕೆ ಹಸಿರು ಮತ್ತು ಬರಿ ವಯರನ್ನು ಒಟ್ಟಿಗೆ ಹುರಿಮಾಡಿ ಸೋಲ್ಡರ್ ಹಚ್ಚಿಕೊಳ್ಳಿ. ವಾಲ್ಯೂಮ್ ಪಾಟಿನ ಬೆನ್ನಿನಲ್ಲಿ ಖಾಲಿ ಜಾಗ ನೋಡಿ ಮರಳು ಕಾಗದದಿಂದ ಉಜ್ಜಿ, ಹೊಳಪಿನ ಲೇಪನದ ಮೇಲೆ ಸೋಲ್ಡರ್ ಹಿಡಿಯುವುದಿಲ್ಲ. ಪಾಟಿನ ಬೆನ್ನು ಎಂದರೆ ದೊಡ್ಡ ಲೋಹದ ಬಟ್ಟಲು, ಶಾಖವನ್ನು ಹೀರುತ್ತದೆ. 60 ವ್ಯಾಟಿನ ಚಪ್ಪಟೆ ಮೊನೆಯಿಟ್ಟರೆ ನಾಲ್ಕೈದು ಸೆಕೆಂಡಿನಲ್ಲಿ ಸೋಲ್ಡರ್ ನೀರಿನಂತೆ ಹರಡುತ್ತದೆ. 25 ವ್ಯಾಟಿನದಾದರೆ ಅರ್ಧ ನಿಮಿಷ ಹಿಡಿಯಬೇಕು, ಅಷ್ಟರಲ್ಲಿ ಶಾಖ ಒಳಗಿಳಿದು ಪಾಟಿನ ಗ್ರೀಸೂ ಇಂಗಾಲದ ಪಟ್ಟಿಯೂ ಹಾಳಾಗುತ್ತವೆ, ಮೇಲೆ ಸೋಲ್ಡರ್ ಮಾತ್ರ ಗುಂಡಗೆ ಮಣಿಯಂತೆ ಕೂತಿರುತ್ತದೆ. ಟಿವಿ ಮೆಕ್ಯಾನಿಕ್ಕುಗಳು ಡ್ರೈ ಸೋಲ್ಡರ್ ಎನ್ನುವುದು ಇದನ್ನೇ. ಕಡಿಮೆ ಬಿಸಿಯಲ್ಲಿ ಹೆಚ್ಚು ಹೊತ್ತಿಗಿಂತ ಹೆಚ್ಚು ಬಿಸಿಯಲ್ಲಿ ಕಡಿಮೆ ಹೊತ್ತು ಯಾವಾಗಲೂ ಕ್ಷೇಮ. ಮೊದಲು ಬೆನ್ನಿನ ಮೇಲೆ ಒಂದು ಸೋಲ್ಡರ್ ಕೆರೆ ಮಾಡಿ, ಆಮೇಲೆ ವಯರನ್ನು ಅದರಲ್ಲಿ ಮುಳುಗಿಸಿ, ಐರನ್ ತೆಗೆದು ಸೋಲ್ಡರ್ ಗಟ್ಟಿಯಾಗುವವರೆಗೆ ಕೈ ಅಲುಗದೆ ಹಿಡಿಯಿರಿ. ವಯರನ್ನು ಬೆರಳಲ್ಲಿ ಹಿಡಿದರೆ ಸುಡುತ್ತದೆ, ಚಿಮುಟ ಬಳಸಿ.

ಮುಚ್ಚುವ ಮೊದಲು ಮತ್ತೆ ಮೀಟರ್. ಬ್ರಿಜ್ ಜಾಗದಲ್ಲಿ 15.5ರ ಆಸುಪಾಸು ತೋರಿಸಬೇಕು. 16.4 ಯಾಕಲ್ಲ ಎಂದರೆ, 250ಕೆ ವಾಲ್ಯೂಮ್ ಪಾಟ್ ಪಿಕಪ್ಪಿಗೆ ಸಮಾನಾಂತರವಾಗಿ ಕೂತಿದೆ, ಲೆಕ್ಕ ಹಾಕಿದರೆ 15.4 ಬರುತ್ತದೆ. ಬ್ರಿಜ್ ಮತ್ತು ನಡು ಒಟ್ಟಿಗಿರುವ ಎರಡನೆಯ ಜಾಗದಲ್ಲಿ 4.3ರ ಹತ್ತಿರ. ಉಳಿದ ಮೂರು ಜಾಗ ಹಳೆಯ ಚೀಟಿಯಲ್ಲಿದ್ದಷ್ಟೇ ಇರಬೇಕು. ಅಲ್ಲಿ ಬದಲಾಗಿದ್ದರೆ ಕೆಲಸದ ನಡುವೆ ಬೇರೆ ವಯರ್ ಯಾವುದೋ ಬಿಟ್ಟಿದೆ. ಬ್ರಿಜ್ ಜಾಗದಲ್ಲಿ 8 ಬಂದರೆ ಒಂದೇ ಕಾಯಿಲ್ ನುಡಿಯುತ್ತಿದೆ. 0 ಬಂದರೆ ಸಿಗ್ನಲ್ ಎಲ್ಲೋ ಗ್ರೌಂಡಿಗೆ ತಗುಲಿದೆ, ವಾಲ್ಯೂಮ್ ಪೂರ್ತಿ ತೆರೆದಿದೆಯೇ ಎಂದೂ ಒಮ್ಮೆ ನೋಡಿ. 250ರ ಹತ್ತಿರದ ಸಂಖ್ಯೆ ಬಂದರೆ, ಅಂದರೆ 20ರ ರೇಂಜಿನಲ್ಲಿ ಏನೂ ಕಾಣದಿದ್ದರೆ, ಮೀಟರಿಗೆ ಪಾಟ್ ಮಾತ್ರ ಸಿಗುತ್ತಿದೆ, ಪಿಕಪ್ ಸಿಗುತ್ತಿಲ್ಲ. ಕೆಂಪು-ಬಿಳಿ ಬೆಸುಗೆ ಬಿಟ್ಟಿರಬೇಕು.

ಇನ್ನೊಂದು ಪರೀಕ್ಷೆ ಉಳಿದಿದೆ, ಇದನ್ನು ಬಿಟ್ಟವರೇ ಹೆಚ್ಚು. ಬೇರೆ ಬೇರೆ ಕಂಪನಿಯ ಪಿಕಪ್ಪುಗಳು ಒಂದಕ್ಕೊಂದು ಎದುರು ಫೇಸಿನಲ್ಲಿರಬಹುದು, ಅಂದರೆ ಒಂದರ ಸಿಗ್ನಲ್ ಏರುವಾಗ ಇನ್ನೊಂದರದು ಇಳಿಯಬಹುದು. ಒಂದೊಂದೇ ನುಡಿಸಿದರೆ ಎಲ್ಲವೂ ಸರಿ, ಎರಡು ಸೇರಿದ ಜಾಗದಲ್ಲಿ ಮಾತ್ರ ಹಳೇ ಟ್ರಾನ್ಸಿಸ್ಟರ್ ರೇಡಿಯೊದಂತೆ ಟೊಳ್ಳು ಸದ್ದು. ಮೀಟರನ್ನು ಕೇಬಲ್ಲಿಗೆ ಹಿಡಿದೇ ಇರಿ, ಓಮ್ ರೇಂಜಿನಲ್ಲೇ. ನಡು ಪಿಕಪ್ ಆರಿಸಿ, ಅದರ ಪೋಲುಗಳ ಮೇಲೆ ಉಕ್ಕಿನ ಸ್ಕ್ರೂಡ್ರೈವರನ್ನು ಅಡ್ಡವಾಗಿ ಮಲಗಿಸಿ, ಸಂಖ್ಯೆ ನಿಂತ ಮೇಲೆ ಸರಕ್ಕನೆ ಮೇಲಕ್ಕೆತ್ತಿ. ಸಂಖ್ಯೆ ಒಂದು ಕ್ಷಣ ಏರುತ್ತದೆ ಅಥವಾ ಇಳಿಯುತ್ತದೆ. ಬ್ರಿಜ್ ಪಿಕಪ್ಪಿಗೂ ಹಾಗೇ ಮಾಡಿ. ಎರಡೂ ಒಂದೇ ಕಡೆ ಹೋದರೆ ಸರಿ. ಎದುರಾದರೆ ಕಪ್ಪು ಮತ್ತು ಹಸಿರನ್ನು ಅದಲುಬದಲು ಮಾಡಿ. ಬರಿ ವಯರ್ ಮಾತ್ರ ಗ್ರೌಂಡಿನಲ್ಲೇ ಇರಬೇಕು, ಅದಕ್ಕೇ ಅದನ್ನು ಹಸಿರಿನಿಂದ ಬಿಡಿಸಬೇಕಾಗುತ್ತದೆ. ಎರಡೇ ವಯರಿನ ಹಳೆಯ ಮಾದರಿಯ ಪಿಕಪ್ಪಿನಲ್ಲಿ ಕವಚವೇ ಗ್ರೌಂಡ್ ವಯರೂ ಆಗಿರುವುದರಿಂದ ಈ ಅದಲುಬದಲು ಸಾಧ್ಯವಿಲ್ಲ. ನಾಲ್ಕು ವಯರಿನದರ ದೊಡ್ಡ ಲಾಭ ಇದು.

ಮುಚ್ಚಿ, ಸ್ಟ್ರಿಂಗ್ ಹಾಕಿ, ಶ್ರುತಿ ಮಾಡಿ. ಎತ್ತರ ಹೊಂದಿಸುವುದಕ್ಕೆ ಅವಸರ ಬೇಡ, ಹೊಸ ಪಿಕಪ್ಪಿನ ಅರ್ಧ ಗುಣ ಇಲ್ಲಿದೆ. ಕೊನೆಯ ಫ್ರೆಟ್ಟಿನಲ್ಲಿ ಸ್ಟ್ರಿಂಗ್ ಒತ್ತಿಹಿಡಿದು, ಸ್ಟ್ರಿಂಗಿನ ತಳದಿಂದ ಪೋಲಿನ ತಲೆಗೆ ಅಳೆಯಿರಿ. ಹಂಬಕರಿಗೆ ಸ್ಟ್ರ್ಯಾಟ್ ತಯಾರಿಸುವ ಫೆಂಡರ್ ಕಂಪನಿ ಹೇಳುವ ಆರಂಭದ ಅಳತೆ ಎರಡೂ ಕಡೆ 1.6 ಮಿಲಿಮೀಟರ್. ಜೆಬಿಯಂಥ ಗಟ್ಟಿ ಸದ್ದಿನ ಪಿಕಪ್ಪಿಗೆ, ಅದೂ ಪಕ್ಕದಲ್ಲಿ ಮೆದು ಸಿಂಗಲ್ ಕಾಯಿಲುಗಳಿರುವಾಗ, ದಪ್ಪ ಸ್ಟ್ರಿಂಗಿನ ಕಡೆ 2.5, ಸಣ್ಣ ಸ್ಟ್ರಿಂಗಿನ ಕಡೆ 2ರಿಂದ ಶುರುಮಾಡಿ. ಸ್ವಿಚ್ ಬದಲಿಸಿದಾಗ ಸದ್ದು ಎಗರಿದಂತೆ ಕೇಳಿದರೆ ಹಂಬಕರನ್ನು ಇನ್ನೂ ಇಳಿಸಿ. ಸಿಂಗಲ್ ಕಾಯಿಲುಗಳನ್ನು ಅದರ ಮಟ್ಟಕ್ಕೆ ಏರಿಸಲು ಹೋಗಬೇಡಿ. ಅವುಗಳ ಪೋಲುಗಳು ತಾವೇ ಅಯಸ್ಕಾಂತವಾಗಿದ್ದರೆ ಸ್ಟ್ರಿಂಗನ್ನು ಎಳೆದು, ನೆಕ್ಕಿನ ಮೇಲಿನ ಫ್ರೆಟ್ಟುಗಳಲ್ಲಿ ಒಂದೇ ಸ್ವರ ಎರಡಾಗಿ ಅಲೆಯುವಂತೆ ಮಾಡುತ್ತವೆ.

ಇನ್ನು ಪಾಟ್. ಸಿಂಗಲ್ ಕಾಯಿಲಿಗೆ 250ಕೆ, ಹಂಬಕರಿಗೆ 500ಕೆ ಎಂಬುದು ರೂಢಿ. ಪಾಟಿನ ಬೆಲೆ ಕಡಿಮೆಯಾದಷ್ಟೂ ಮೇಲಿನ ಚೂಪು ಸ್ವರಾಂಶ ಗ್ರೌಂಡಿಗೆ ಸೋರುತ್ತದೆ. ಸಿಂಗಲ್ ಕಾಯಿಲ್ ಹುಟ್ಟಾ ಚೂಪು, ಸೋರಿದರೆ ಒಳ್ಳೆಯದು. ಹಂಬಕರ್ ಮಂದ, ಉಳಿಸಿಕೊಳ್ಳಬೇಕು. ಆದರೆ ಜೆಬಿ ಈ ರೂಢಿಗೆ ಅಪವಾದ. ಅದರ ಮೇಲಿನ ಮಧ್ಯಸ್ವರ ಮೊದಲೇ ಚಾಚಿಕೊಂಡಿದೆ, ಸ್ಟ್ರ್ಯಾಟಿನಂಥ ಗಿಟಾರಿನಲ್ಲಿ 500ಕೆ ಜೊತೆ ಕಿವಿಗೆ ಇರಿಯುತ್ತದೆ ಎಂದು ದೂರುವವರು ಬಹಳ. 250ಕೆ ಜೊತೆ ಅದು ತುಸು ಮೆತ್ತಗಾಗಿ, ನಿಮ್ಮ ಸಿಂಗಲ್ ಕಾಯಿಲುಗಳಿಗೂ ಧಕ್ಕೆಯಿಲ್ಲದೆ ಕೂರುತ್ತದೆ. ಎರಡು ವಾರ ಹೀಗೇ ನುಡಿಸಿ. ಆಮೇಲೂ ಮಂಕೆನಿಸಿದರೆ 500ಕೆ ಹಾಕಿ. ಆಗ ಸಿಂಗಲ್ ಕಾಯಿಲುಗಳು ಚುಚ್ಚಬಾರದೆಂದರೆ ಸ್ವಿಚ್ಚಿನಲ್ಲಿ ಅವುಗಳ ಪಿನ್ನಿನಿಂದ ಗ್ರೌಂಡಿಗೆ 470ಕೆ ರೆಸಿಸ್ಟರ್ ಒಂದೊಂದು ಬೆಸೆಯಬಹುದು. 500ಕೆ ಜೊತೆ ಸೇರಿ ಆ ಪಿಕಪ್ಪಿಗೆ 242ಕೆ ಕಾಣುತ್ತದೆ. ನಡು ಮತ್ತು ನೆಕ್ ಸೇರಿದ ಜಾಗದಲ್ಲಿ ಎರಡೂ ರೆಸಿಸ್ಟರ್ ಸೇರಿ 160ಕೆಗೆ ಇಳಿದು ಆ ಜಾಗ ತುಸು ಮಂಕಾಗುತ್ತದೆ, ಅದು ಬೇಡವೆಂದರೆ ನೆಕ್ಕಿಗೆ ಮಾತ್ರ ಹಾಕಿ.

ಪಾಟ್ ಕೊಳ್ಳುವಾಗ ಎ500ಕೆ ಎಂದು ಬರೆದಿದೆಯೇ ನೋಡಿ. ಎ ಎಂದರೆ ಕಿವಿಗೆ ಸಮನಾಗಿ ಏರುವ ಲಾಗ್ ಪಾಟ್. ಬಿ ಲೀನಿಯರ್, ಸೊನ್ನೆಯಿಂದ ಏರಿಸುವಾಗ ಸದ್ದೆಲ್ಲ ತಿರುಗುವಿಕೆಯ ಮೊದಲ ಸ್ವಲ್ಪದರಲ್ಲೇ ತುಂಬಿಕೊಂಡಂತೆ ಅನಿಸುತ್ತದೆ. ನಿಮ್ಮ ಗಿಟಾರಿನಲ್ಲಿರುವುದು ಸಣ್ಣ 16 ಮಿಲಿಮೀಟರಿನ ಮೆಟ್ರಿಕ್ ಪಾಟ್ ಆಗಿದ್ದರೆ, ಸಿಟಿಎಸ್ ಕಂಪನಿಯ ದೊಡ್ಡ ಪಾಟಿನ ಕುತ್ತಿಗೆ ಪಿಕ್‌ಗಾರ್ಡಿನ ತೂತಿಗೆ ಹೋಗುವುದಿಲ್ಲ, ಗುಂಡಿಯೂ ಕೂರುವುದಿಲ್ಲ. ಒಂದು ಪಾಟಿಗಾಗಿ ತೂತು ಕೊರೆದು ಮೂರು ಹೊಸ ಗುಂಡಿ ಕೊಳ್ಳುವುದಕ್ಕಿಂತ ಅದೇ ಅಳತೆಯದನ್ನು ತನ್ನಿ.

ಎಲ್ಲ ಆದ ಮೇಲೆ ಗುಂಯ್‌ಕಾರದ ಲೆಕ್ಕ. ಸ್ಟ್ರಿಂಗ್ ಮುಟ್ಟಿದಾಗ ಗುಂಯ್‌ಕಾರ ಕಡಿಮೆಯಾದರೆ ಅದು ಸರಿಯಾದ ಲಕ್ಷಣ, ನಿಮ್ಮ ಮೈ ಹಿಡಿಯುತ್ತಿದ್ದ ಗದ್ದಲ ಗ್ರೌಂಡಿಗೆ ಹೋಯಿತು. ಮುಟ್ಟಿದರೂ ಬಿಟ್ಟರೂ ಏನೂ ವ್ಯತ್ಯಾಸವಿಲ್ಲದೆ ಗುಂಯ್‌ಗುಟ್ಟಿದರೆ ಸ್ಪ್ರಿಂಗ್ ಕೊಕ್ಕೆಯ ವಯರ್ ಕಿತ್ತಿದೆ. ಆ ಕೊಕ್ಕೆ ದಪ್ಪ ಲೋಹ, 60 ವ್ಯಾಟಿಗೂ ಬೆವರು ಬರಿಸುತ್ತದೆ, ಮೊದಲು ಚೆನ್ನಾಗಿ ಉಜ್ಜಿ. ಮುಟ್ಟಿದಾಗ ಗುಂಯ್‌ಕಾರ ಜೋರಾದರೆ ಜ್ಯಾಕಿನಲ್ಲಿ ಎರಡು ವಯರ್ ಅದಲುಬದಲಾಗಿವೆ. ಸ್ವಿಚ್ಚಿನ ಐದೂ ಜಾಗದಲ್ಲಿ ಸದ್ದೇ ಇಲ್ಲದಿದ್ದರೆ ಪಿಕಪ್ಪನ್ನು ದೂರಬೇಡಿ, ಪಿಕ್‌ಗಾರ್ಡ್ ಮಗುಚುವಾಗ ಜ್ಯಾಕಿನ ವಯರ್ ಕಿತ್ತಿರುತ್ತದೆ. ಗೇನ್ ಹೆಚ್ಚಿಸಿದಾಗ ಸ್ಟ್ರಿಂಗ್ ಮುಟ್ಟದೆಯೂ ಸೀಟಿ ಹೊಡೆದರೆ ಪಿಕಪ್ಪಿನ ಯಾವುದೋ ಭಾಗ ಸಡಿಲವಾಗಿ ಕಂಪಿಸುತ್ತಿದೆ. ಅದಕ್ಕೂ ಕುಳಿಯ ತಳಕ್ಕೂ ನಡುವೆ ತುಂಡು ಫೋಮ್ ಇಟ್ಟರೆ ಬಹಳ ಸಲ ಅಡಗುತ್ತದೆ.

ಇವು ಯಾವುವೂ ಅಲ್ಲ, ಆದರೂ ಇಡೀ ಗಿಟಾರ್ ಗುಂಯ್‌ಗುಟ್ಟುತ್ತಿದೆ ಎಂದರೆ ಗೋಡೆಯ ಸಾಕೆಟ್ ನೋಡಿ. ಮೂರು ತೂತಿದ್ದರೂ ದೊಡ್ಡ ತೂತಿಗೆ ಅರ್ಥಿಂಗ್ ಎಳೆಯದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ನಿಮ್ಮ ಸ್ಟ್ರಿಂಗುಗಳು ಜ್ಯಾಕಿನ ಮೂಲಕ ಆ್ಯಂಪಿನ ಲೋಹದ ಚಾಸಿಗೆ ಸೇರಿವೆ, ಚಾಸಿ ಅರ್ಥಿಂಗಿಗೆ. ಆ ಕೊಂಡಿ ಇಲ್ಲದಿದ್ದರೆ ಗದ್ದಲ ಹೋಗುವುದಿಲ್ಲ, ಅಷ್ಟೇ ಅಲ್ಲ, ಆ್ಯಂಪಿನಲ್ಲಿ ದೋಷ ಬಂದ ದಿನ ಕರೆಂಟು ನಿಮ್ಮ ಬೆರಳಿಗೆ ಬರುತ್ತದೆ. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಆ್ಯಂಪ್ ಬಳಸುತ್ತಿದ್ದರೆ ಪಿಕಪ್ಪಿನ ಕೆಲಸ ಬದಿಗಿಟ್ಟು, ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.